ಆರು ತಿಂಗಳ ಎಕ್ಸ್‌ರೇ ಕೋರ್ಸ್ ಸಾಕಾ?

ಪಿಯುಸಿ ಸೈನ್ಸ್ ಮುಗಿಸಿದ ತಂಗಿಗೆ ಆರು ತಿಂಗಳ ಎಕ್ಸ್‌ರೇ ಕೋರ್ಸ್ ಸಾಕಾ ಅಂತ ಕೇಳಿದ್ದೀರಿ. ಬೇಡ. ಬಟನ್ ಒತ್ತೋದನ್ನು ಯಾರು ಬೇಕಾದರೂ ಕಲಿಯಬಹುದು, ಆದರೆ ದಪ್ಪ ಮನುಷ್ಯನಿಗೆ ಎಷ್ಟು ಕೆವಿ (ಕಿರಣ ಮೈಯೊಳಗೆ ಎಷ್ಟು ತೂರಬೇಕು ಅಂತ ನಿರ್ಧರಿಸುವ ವೋಲ್ಟೇಜ್), ಪುಟ್ಟ ಮಗುವಿಗೆ ಎಷ್ಟು ಅನ್ನೋದೇ ಅಲ್ವಾ ನಿಜವಾದ ಕೆಲಸ? ಹಿಂದೆ ವಿಕಿರಣದ ಡೋಸ್ ಜಾಸ್ತಿಯಾದರೆ ಫಿಲ್ಮ್ ಕಪ್ಪಾಗಿ ಗುಟ್ಟು ರಟ್ಟಾಗುತ್ತಿತ್ತು. ಈಗ ಡಿಜಿಟಲ್‌ನಲ್ಲಿ ಸಾಫ್ಟ್‌ವೇರ್ ಸರಿಮಾಡಿಬಿಡುತ್ತದೆ, ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಮಗುವಿನ ಮೈಗೆ ಎಷ್ಟು ಬಿತ್ತು ಅಂತ ಯಾರೂ ಕೇಳುವುದಿಲ್ಲ. ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ ಬೇಕು ಅಂತ ನಾವು ಟೆಕ್ನೀಷಿಯನ್‌ಗಳು ಸುಮ್ನೆ ಗಂಟಲು ಹರಿದುಕೊಳ್ಳುತ್ತಿಲ್ಲ. 2021ರಲ್ಲಿ ಇದಕ್ಕಾಗಿ ಕೇಂದ್ರದ ಕಾಯ್ದೆಯೇನೋ ಬಂತು, ಅದು ಕಾಗದದಿಂದ ಕೆಳಗಿಳಿಯಬೇಕು ಅಷ್ಟೇ. ರಾಜೀವ್ ಗಾಂಧಿ ಆರೋಗ್ಯ ವಿವಿಯ ಬಿಎಸ್‌ಸಿ ಇಮೇಜಿಂಗ್ ಟೆಕ್ನಾಲಜಿ ಮಾಡಿಸಿ. ಕಾಲೇಜಿಗೆ ಸೇರಿಸುವ ಮುಂಚೆ ಅಲ್ಲಿನ ಎಕ್ಸ್‌ರೇ ಟೆಕ್ನೀಷಿಯನ್ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯುವ ಬ್ಯಾಡ್ಜ್) ಇದೆಯಾ ನೋಡಿ.