ಟಾಯ್ ಡಾಲ್ಸ್ ಒಂದೇ ಹಾಡಿನ ಬ್ಯಾಂಡಾ? ಕೇಳೋಕೆ, ಗಿಟಾರಲ್ಲಿ ನುಡಿಸೋಕೆ ಎಲ್ಲಿಂದ ಶುರು ಮಾಡಲಿ?

ಬ್ರಿಟನ್ನಿನ ಚಾರ್ಟ್ (ಹಾಡುಗಳ ವಾರದ ಮಾರಾಟದ ಪಟ್ಟಿ) ನೋಡಿ ಹೇಳುವುದಾದರೆ ಹೌದು, 'ನೆಲ್ಲಿ ದಿ ಎಲಿಫೆಂಟ್' ಒಂದೇ. ಆದರೆ ಆ ಹಾಡಿಗೇ ನಿಂತುಬಿಟ್ಟರೆ ನಿಮಗೇ ನಷ್ಟ.

ಈ ಪಂಕ್ (ವೇಗದ, ಒರಟು ರಾಕ್) ಬ್ಯಾಂಡ್ ಹುಟ್ಟಿದ್ದು 1979ರಲ್ಲಿ, ಇಂಗ್ಲೆಂಡಿನ ಈಶಾನ್ಯದ ಸಂಡರ್‌ಲೆಂಡ್‌ನಲ್ಲಿ. ಆಗ ಅದು ಹಡಗು ಕಟ್ಟುವ, ಕಲ್ಲಿದ್ದಲು ತೆಗೆಯುವ ಊರು. ಎರಡೂ ಕಸುಬು ಆಗಲೇ ಕುಸಿಯುತ್ತಿದ್ದವು. ಮೊದಲು ನಾಲ್ವರಿದ್ದರು. ಗಾಯಕ ಬಿಟ್ಟುಹೋಗಿ, ಬದಲಿಗೆ ಬಂದವನೂ ನಿಲ್ಲದಿದ್ದಾಗ ಗಿಟಾರಿಸ್ಟ್ ಮೈಕೆಲ್ ಆಲ್ಗರ್, ಅಂದರೆ ಓಲ್ಗಾ, ತಾನೇ ಮೈಕ್ ಹಿಡಿದ. ಅಲ್ಲಿಂದ ಮೂವರದೇ ತಂಡ. ಬೇಸ್, ಡ್ರಮ್ಸ್‌ನವರು ಎಷ್ಟೋ ಸಲ ಬದಲಾದರು, ಓಲ್ಗಾ ಕದಲಲಿಲ್ಲ.

'ನೆಲ್ಲಿ' ಅವರ ಸ್ವಂತ ಹಾಡಲ್ಲ. 1956ರಲ್ಲಿ ಮ್ಯಾಂಡಿ ಮಿಲ್ಲರ್ ಹಾಡಿದ ಮಕ್ಕಳ ಹಾಡು. ಬಾಂಬೆಗೆ ಬಂದ ಸರ್ಕಸ್ಸಿನಿಂದ ಆನೆಯೊಂದು ಪರಾರಿಯಾಗುವ ಕಥೆ. ಟಾಯ್ ಡಾಲ್ಸ್ ಅದನ್ನು 1982ರಲ್ಲಿ ವಾಲ್ಯೂಮ್ ಎಂಬ ಸಣ್ಣ ರೆಕಾರ್ಡ್ ಲೇಬಲ್‌ನಿಂದ ತಂದಾಗ ಹೆಚ್ಚು ಜನ ಗಮನಿಸಲಿಲ್ಲ. 1984ರ ಕೊನೆಗೆ ಮತ್ತೆ ಬಿಟ್ಟಾಗ ಚಾರ್ಟಿನಲ್ಲಿ 4ನೇ ಸ್ಥಾನಕ್ಕೇರಿತು. ಪಲ್ಲವಿಗೆ ಮುಂಚೆ ಎಲ್ಲರೂ ಸೇರಿ ಎಳೆಯುವ "ಊಊಊ" ಇದೆಯಲ್ಲ, ಅರ್ಧ ಗೆಲುವು ಅದರದ್ದೇ. ಕೇಳಿದ ಕೂಡಲೇ ಯಾರು ಬೇಕಾದರೂ ಕೂಗಬಹುದು. ತೊಂದರೆಯೂ ಅಲ್ಲೇ: ಕ್ರಿಸ್ಮಸ್ ಹೊತ್ತಿನ ತಮಾಷೆ ಹಾಡಿನವರು ಎಂಬ ಹಣೆಪಟ್ಟಿ ತಾಯ್ನಾಡಿನಲ್ಲಿ ಅಂಟಿಕೊಂಡಿತು. ಹೊರಗೆ ಹಾಗಾಗಲಿಲ್ಲ, 1990ರ ಲೈವ್ ಆಲ್ಬಮ್ ಧ್ವನಿಮುದ್ರಣವಾದದ್ದು ಟೋಕಿಯೊದಲ್ಲಿ.

ಕೇಳಲು 'ಡಿಗ್ ದಟ್ ಗ್ರೂವ್ ಬೇಬಿ' (1983) ಹಿಡಿಯಿರಿ. ಅದರಲ್ಲಿ 'ಡಗಿ ಜೈರೊ' ತಪ್ಪಿಸಬೇಡಿ. ಜೈರೊ ಅಂದರೆ ಆಗ ಬ್ರಿಟನ್ನಿನಲ್ಲಿ ಕೊಡುತ್ತಿದ್ದ ನಿರುದ್ಯೋಗ ಭತ್ಯೆಯ ಚೆಕ್ಕು. ಇವರ ನಗು ಬರುವುದು ಇಂಥ ಅಕ್ಕಪಕ್ಕದ ಮನೆಯವರ ಪಾಡಿನಿಂದ. ಸರ್ಕಾರವನ್ನು ಬೈಯುವ ಭಾಷಣ ಇಲ್ಲ. ಆಮೇಲೆ 'ಐಡಲ್ ಗಾಸಿಪ್' (1986). 2004ರ ಆಲ್ಬಮ್ಮಿಗೆ 'ಅವರ್ ಲಾಸ್ಟ್ ಆಲ್ಬಮ್?' ಎಂದು ಪ್ರಶ್ನಾರ್ಥಕ ಚಿಹ್ನೆ ಸಮೇತ ಹೆಸರಿಟ್ಟು, 2012ರಲ್ಲಿ 'ದಿ ಆಲ್ಬಮ್ ಆಫ್ಟರ್ ದಿ ಲಾಸ್ಟ್ ಒನ್' ತಂದರು. ಅದಕ್ಕೂ ತೃಪ್ತಿಯಾಗದೆ 2019ರಲ್ಲಿ ಇನ್ನೊಂದು.

ಇನ್ನು ನುಡಿಸುವುದು. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಾಕು ಅಂದುಕೊಂಡು ಕೂತರೆ ಸೋಲುತ್ತೀರಿ. ಓಲ್ಗಾ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ಬಾಖ್‌ನ ಟೊಕಾಟಾ ಎಂಬ ಆರ್ಗನ್ ಕೃತಿಯನ್ನೂ ಪಂಕ್ ವೇಗದಲ್ಲಿ ನುಡಿಸುವ ಆಸಾಮಿ. ಆಂಪ್‌ನಲ್ಲಿ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಕಡಿಮೆ ಇಡಿ. ಜಾಸ್ತಿಯಾದರೆ ಬಿಡಿ ಸ್ವರಗಳೆಲ್ಲ ಕಲಸಿಹೋಗುತ್ತವೆ. ಬ್ರಿಜ್ ಪಿಕಪ್ (ತಂತಿ ಕೊನೆಗೊಳ್ಳುವ ಕಡೆ ಸದ್ದು ಹಿಡಿಯುವ ಭಾಗ) ಬಳಸಿ. ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ಇಟ್ಟು ಅರ್ಧ ವೇಗದಲ್ಲಿ, ಪಿಕ್ (ತಂತಿ ಮೀಟುವ ಚಿಪ್ಪು) ಒಂದು ಸಲ ಕೆಳಕ್ಕೆ ಒಂದು ಸಲ ಮೇಲಕ್ಕೆ, ತಪ್ಪಿಲ್ಲದೆ ಬಂದ ಮೇಲಷ್ಟೇ ವೇಗ ಏರಿಸಿ. ಬರೀ ಕೆಳಹೊಡೆತದಲ್ಲಿ ಓಡಿಸಹೊರಟರೆ ಮಣಿಕಟ್ಟು ಬಿಗಿದು ಮಧ್ಯದಲ್ಲೇ ಲಯ ಜಾರುತ್ತದೆ. ಇನ್ನೊಂದು: ತಂಡದಲ್ಲಿ ಎರಡನೇ ಗಿಟಾರ್ ಇಲ್ಲ. ನೀವು ಸೋಲೊಗೆ ಹೋದೊಡನೆ ಕೆಳಗೆ ಉಳಿಯುವುದು ಬೇಸ್ ಮಾತ್ರ. ಬೇಸ್‌ನವರು ಪಿಕ್ ಹಿಡಿದು ಒಂದು ತಾಳಕ್ಕೆ ಎರಡು ಸ್ವರ ಬಿಡದೆ ಹೊಡೆಯದಿದ್ದರೆ ಹಾಡು ಟೊಳ್ಳಾಗುತ್ತದೆ.

ವೇದಿಕೆ ಮೇಲೆ ಅವರಂತೆ ಗಿಟಾರ್ ಗಿರಕಿ ಹೊಡೆಸುವ ಆಸೆಯಿದ್ದರೆ ಮೊದಲು ಸ್ಟ್ರಾಪ್ ಲಾಕ್ (ಹೆಗಲ ಪಟ್ಟಿ ಕಳಚದಂತೆ ಬಿಗಿಯುವ ಕೊಂಡಿ) ಹಾಕಿಸಿ, ಬೇಸ್‌ನವರಿಂದ ಎರಡು ಮಾರು ದೂರ ನಿಲ್ಲಿ.