ಹಳೆಯ ಕ್ಯಾಂಪರ್ ವ್ಯಾನಿನ ಸೈಡ್ ಮಿರರ್ ಪದೇ ಪದೇ ಲೂಸ್ ಆಗುತ್ತಿದ್ದರೆ

ನಟ್ ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಮತ್ತೆ ಸಡಿಲ, ವೇಗ ಹೆಚ್ಚಾದರೆ ಗಾಳಿಗೆ ಕನ್ನಡಿ ಹಿಂದಕ್ಕೆ ಮಡಚಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಬಹುಶಃ ನೀವು ಬಿಗಿ ಮಾಡುತ್ತಿರುವ ಜಾಗವೇ ಬೇರೆ, ಲೂಸ್ ಆಗಿರುವ ಜಾಗವೇ ಬೇರೆ.

ಸ್ಪ್ಯಾನರ್ ಎತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಎಡಗೈಯ ಬೆರಳನ್ನು ಬಾಗಿಲ ತಗಡು ಮತ್ತು ಬೇಸ್ (ಬಾಗಿಲಿಗೆ ಕೂರುವ ಮಿರರಿನ ಬುಡ) ಸೇರುವ ಗೆರೆಯ ಮೇಲಿಡಿ, ಬಲಗೈಯಲ್ಲಿ ಕನ್ನಡಿ ಅಲುಗಾಡಿಸಿ. ಬೆರಳಿಗೆ ಚಲನೆ ತಿಳಿದರೆ ಬೇಸ್ ಲೂಸ್. ಇಲ್ಲದಿದ್ದರೆ ಬೆರಳನ್ನು ಕನ್ನಡಿ ಹೊತ್ತ ತೋಳು ಮಡಚುವ ಕೀಲಿಗೆ ಸರಿಸಿ, ಆಮೇಲೆ ಕನ್ನಡಿಯ ಹಿಂದಿನ ಬಾಲ್ ಜಾಯಿಂಟಿಗೆ, ಅಂದರೆ ಕನ್ನಡಿಯನ್ನು ಬೇಕಾದತ್ತ ತಿರುಗಿಸಲು ಬಿಡುವ ಗುಂಡು ಕೀಲಿಗೆ. ಕೊನೆಗೆ ಗಾಜನ್ನೇ ಮೂಲೆಯಲ್ಲಿ ಒತ್ತಿ ನೋಡಿ.

ಗಾಳಿಗೆ ಮಡಚಿಕೊಳ್ಳುತ್ತದೆ ಎಂದರೆ ನನ್ನ ಅನುಮಾನ ತೋಳಿನ ಕೀಲಿನ ಮೇಲೆ. ಅಲ್ಲಿ ತೋಳನ್ನು ಹಿಡಿದಿಡುವುದು ಬರೀ ನಟ್ ಅಲ್ಲ. ಸ್ಪ್ರಿಂಗಿನ ಒತ್ತಡ ಮತ್ತು ಎರಡು ಮೇಲ್ಮೈಗಳ ತಿಕ್ಕಾಟ. ವರ್ಷಗಟ್ಟಲೆ ಒತ್ತಿಕೊಂಡೇ ಇದ್ದ ಸ್ಪ್ರಿಂಗ್ ಕುಗ್ಗಿರುತ್ತದೆ, ಮೇಲ್ಮೈ ಸವೆದು ನುಣುಪಾಗಿರುತ್ತದೆ. ಕೀಲು ಬಿಚ್ಚಿ, ತುಕ್ಕು ಮತ್ತು ಹಳೆ ಗ್ರೀಸ್ ಒರೆಸಿ. ಹಲ್ಲುಗಳಿಲ್ಲದ ಸಪಾಟು ಮೇಲ್ಮೈಯಾದರೆ 80ರ ಎಮರಿ ಪೇಪರಿನಿಂದ ಒರಟು ಮಾಡಿ. ಸ್ಪ್ರಿಂಗ್ ಕೆಳಗೆ ಒಂದೋ ಎರಡೋ ವಾಷರ್ ಸೇರಿಸಿದರೆ ಕಳೆದುಹೋದ ಒತ್ತಡ ವಾಪಸ್ ಬರುತ್ತದೆ. ನೈಲಾನ್ ಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್) ಇದ್ದರೆ ಹಳೆಯದನ್ನೇ ತೊಡಿಸಬೇಡಿ, ಹೊಸದು ಹಾಕಿ. ಒಮ್ಮೆ ಬಿಚ್ಚಿದ ಮೇಲೆ ಅದರ ಹಿಡಿತ ಕಡಿಮೆಯಾಗುತ್ತದೆ. ಆದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿ ಮಾಡಬಾರದು. ಏನಾದರೂ ತಗುಲಿದಾಗ ಕನ್ನಡಿ ಮಡಚಿಕೊಳ್ಳಲೇಬೇಕು, ಇಲ್ಲದಿದ್ದರೆ ತೋಳೇ ಮುರಿಯುತ್ತದೆ. ಈ ಕೀಲಿಗೆ ಎಣ್ಣೆ ಸ್ಪ್ರೇ ಮಾಡುವವರು ಬಹಳ ಜನ. ತಿಕ್ಕಾಟದಿಂದ ನಿಲ್ಲುವ ಕೀಲಿಗೆ ಎಣ್ಣೆ ಹಾಕಿದರೆ ಅದು ನಿಲ್ಲುವುದಾದರೂ ಹೇಗೆ?

ಬಾಲ್ ಜಾಯಿಂಟ್ ಲೂಸ್ ಇದ್ದರೂ ಕೆಲಸ ಹೆಚ್ಚುಕಡಿಮೆ ಇದೇ. ಕ್ಲ್ಯಾಂಪ್ ಸ್ಕ್ರೂ ಪೂರ್ತಿ ತಿರುಗಿ ಎರಡು ತುದಿ ಕೂಡಿಕೊಂಡಮೇಲೂ ಬಾಲ್ ಜಾರುತ್ತಿದ್ದರೆ ಅದು ಕೂರುವ ಗುಳಿ, ಅಂದರೆ ಸಾಕೆಟ್ ಸವೆದಿದೆ ಎಂದರ್ಥ. ಹಳೆ ಸೈಕಲ್ ಟ್ಯೂಬಿನ ಸಣ್ಣ ಪಟ್ಟಿಯನ್ನು ಒಳಗಿಟ್ಟು ಬಿಗಿ ಮಾಡಿದರೆ ಸದ್ಯಕ್ಕೆ ನಡೆಯುತ್ತದೆ, ಆದರೆ ರಬ್ಬರ್ ಕಾರಣಕ್ಕೆ ಕನ್ನಡಿ ಸ್ವಲ್ಪ ನಡುಗಬಹುದು. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ಅಲ್ಯೂಮಿನಿಯಂ ಪಟ್ಟಿ ನನಗೆ ಮೇಲೆನಿಸುತ್ತದೆ.

ಬೇಸ್ ಅಲುಗಾಡುತ್ತಿದ್ದರೆ ಮಾತ್ರ ಬಾಗಿಲಿನ ಒಳ ಪ್ಯಾನೆಲ್ ತೆಗೆಯಬೇಕು. ಮೊದಲು ಬೇಸ್ ಮತ್ತು ತಗಡಿನ ನಡುವಿನ ರಬ್ಬರ್ ಗ್ಯಾಸ್ಕೆಟ್ ನೋಡಿ. ಅದು ಒಣಗಿ ಬಿರಿದಿದ್ದರೆ ಬೋಲ್ಟ್ ಎಷ್ಟೇ ಬಿಗಿ ಇದ್ದರೂ ಅಲುಗಾಟ ಉಳಿಯುತ್ತದೆ, ಸಾಲದ್ದಕ್ಕೆ ಮಳೆನೀರು ಒಳಗೆ ಇಳಿಯುತ್ತದೆ. 2–3 ಮಿ.ಮೀ. ರಬ್ಬರ್ ಶೀಟಿನಲ್ಲಿ ಹೊಸದನ್ನು ಕತ್ತರಿಸಿಕೊಳ್ಳಬಹುದು. ತಗಡಿನ ಥ್ರೆಡ್ ಹೋಗಿದ್ದರೆ ದಪ್ಪ ಸ್ಕ್ರೂ ತುರುಕಬೇಡಿ, ತೂತು ದೊಡ್ಡದಾಗುವುದಷ್ಟೇ ಲಾಭ. ರಿವೆಟ್ ನಟ್ (ತೂತಿನಲ್ಲಿ ಹಿಸುಕಿ ಕೂರಿಸುವ, ಒಳಗೆ ಥ್ರೆಡ್ ಇರುವ ನಟ್) ಹಾಕಿ, 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 9 ಮಿ.ಮೀ. ತೂತು ಬೇಕು. ತೂತಿನ ಸುತ್ತ ತಗಡು ಬಿರುಕು ಬಿಟ್ಟಿದ್ದರೆ ರಿವೆಟ್ ನಟ್ ಕೂಡ ನಿಲ್ಲುವುದಿಲ್ಲ. ಆಗ ಒಳಗಿನಿಂದ 2 ಮಿ.ಮೀ. ಉಕ್ಕಿನ ಪಟ್ಟಿ ಕೊಟ್ಟು, ಬೋಲ್ಟನ್ನು ಅದರ ಮೂಲಕ ಹಾಯಿಸಿ ನಟ್ ಹಾಕಿ. ಕೊರೆದ ಅಂಚಿಗೆ ಪ್ರೈಮರ್ ಬಳಿಯಲು ಮರೆಯಬೇಡಿ.

ಲೋಹದ ಥ್ರೆಡ್ಡಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟ್ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಸೀಳುತ್ತದೆ. ಗಾಜು ಮಾತ್ರ ಬಿಟ್ಟುಕೊಂಡಿದ್ದರೆ ನ್ಯೂಟ್ರಲ್ ಸಿಲಿಕೋನ್ ಹಚ್ಚಿ, ಟೇಪ್ ಸುತ್ತಿ 24 ಗಂಟೆ ಬಿಡಿ. ವಿನೆಗರ್ ವಾಸನೆಯ ಸಿಲಿಕೋನ್ ಗಾಜಿನ ಹಿಂದಿನ ಲೇಪವನ್ನು ತಿನ್ನುತ್ತದೆ.

ಹೊಸ ಗ್ಯಾಸ್ಕೆಟ್ ಕೂತುಕೊಳ್ಳಲು ಸಮಯ ಬೇಕು, ಹಾಗಾಗಿ ನೂರಿನ್ನೂರು ಕಿ.ಮೀ. ಓಡಿಸಿದ ಮೇಲೆ ಬೇಸಿನ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ. ಇಷ್ಟಾದಮೇಲೂ ಗಾಡಿ ನಿಂತಿದ್ದಾಗ, ಎಂಜಿನ್ ಐಡ್ಲಿಂಗಿನಲ್ಲಿ ಮಾತ್ರ ಕನ್ನಡಿ ನಡುಗಿದರೆ ಮಿರರ್ ಬಿಟ್ಟು ಎಂಜಿನ್ ಕೂರುವ ಮೌಂಟಿಂಗ್ ರಬ್ಬರ್ ಪರೀಕ್ಷಿಸಿ.