ಲೀಸು ಕರಾರಿನಲ್ಲಿ ಬರುವ ಲೆಸ್ಸರ್ ಯಾರು, ಲೆಸ್ಸೀ ಯಾರು? ನೆನಪಿಟ್ಟುಕೊಳ್ಳಲು ಸುಲಭದ ಉಪಾಯ ಇದೆಯಾ?

ಉಪಾಯ ಬೇಡವೇ ಬೇಡ. ನನಗೆ ಹೊಡೆತ ಕೊಟ್ಟದ್ದೇ ಅಂಥ ಒಂದು ಉಪಾಯ.

ಸೋಮವಾರಪೇಟೆ ಕಡೆ ತೋಟದ ನಡುವೆ ನಮ್ಮದೊಂದು ಹಳೇ ಹೆಂಚಿನ ಮನೆ ಇದೆ. ಹೋಂಸ್ಟೇ ನಡೆಸುತ್ತೇವೆ ಅಂತ ಬಂದವರಿಗೆ ಅದನ್ನು ಲೀಸಿಗೆ ಕೊಟ್ಟೆವು. ಕರಾರು ಪತ್ರ ಪೂರ್ತಿ ಇಂಗ್ಲಿಷ್. ಯಾರನ್ನು ಏನೆಂದು ಕರೆಯುತ್ತಾರೆ ಅಂತ ಮೊದಲ ಪುಟದಲ್ಲೇ ಇತ್ತು, ಅದನ್ನು ದಾಟಿಸಿ ನೇರ ರಿಪೇರಿ ವಿಷಯಕ್ಕೆ ಹೋದೆ. ಚಾವಣಿ, ಗೋಡೆ ಹಾಳಾದರೆ ಲೆಸ್ಸರ್ ಸರಿ ಮಾಡಿಸಬೇಕು ಅಂತಿತ್ತು.

ನನ್ನ ಲೆಕ್ಕ ಹೀಗೆ. ಎಂಪ್ಲಾಯರ್ ಸಂಬಳ ಕೊಡುವವನು, ಎಂಪ್ಲಾಯೀ ಪಡೆಯುವವನು. ಅಂದರೆ ಕೊನೆಗೆ ‘ಅರ್’ ಬಂದರೆ ದುಡ್ಡು ಕೊಡುವವರು, ‘ಈ’ ಬಂದರೆ ತಗೊಳ್ಳುವವರು. ತಿಂಗಳು ತಿಂಗಳು ಬಾಡಿಗೆ ತಗೊಳ್ಳುವವನು ನಾನು. ಹಾಗಾದರೆ ನಾನು ಲೆಸ್ಸೀ, ರಿಪೇರಿ ಅವರ ತಲೆಗೆ. ಸಹಿ ಹಾಕಿದೆ.

ಪೂರ್ತಿ ತಲೆಕೆಳಗು. ದುಡ್ಡಿನ ದಾರಿ ಬಿಡಿ, ಸೊತ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ನೋಡಿ. ಮನೆ ಕೊಟ್ಟವರು ಲೆಸ್ಸರ್, ಪಡೆದವರು ಲೆಸ್ಸೀ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಹೇಳುವುದೂ ಇದನ್ನೇ. ಅಡಮಾನದಲ್ಲಿ ಇನ್ನೂ ಗೊಂದಲ. ತೋಟ ಅಡ ಇಟ್ಟು ಸಾಲ ತಗೊಂಡ ನೀವು ಮಾರ್ಟ್‌ಗೇಜರ್, ಸಾಲ ಕೊಟ್ಟ ಬ್ಯಾಂಕು ಮಾರ್ಟ್‌ಗೇಜೀ! ಯಾಕೆಂದರೆ ತೋಟವನ್ನು ಅಡ ಕೊಟ್ಟದ್ದು ನೀವು, ಅಲ್ವಾ?

ಕಕ್ಕಡ ತಿಂಗಳ ಮಳೆಗೆ ಮನೆ ಹಿಂದಿನ ಮಣ್ಣಿನ ಬರೆ ಜರಿದು ಅಡುಗೆಮನೆ ಗೋಡೆ ಬಿರುಕು ಬಿಟ್ಟಿತು. ಕುಂಬಾಗಿದ್ದ ರೀಪು ಮುರಿದು ಹೆಂಚು ಸಾಲಾಗಿ ಜಾರಿತು. ಅವರು ನೋಟಿಸ್ ಕಳಿಸಿದರು. ಅವರದೇ ಕೆಲಸ, ನನಗ್ಯಾಕೆ ಅಂತ ಸುಮ್ನೆ ಇದ್ದೆ. ಕೊನೆಗೆ ಅವರೇ ಮೈಸೂರಿನಿಂದ ಜನ ಕರೆಸಿ ಮಾಡಿಸಿ, ಪೂರ್ತಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಂಡರು. ಲಾಯರ್ ಹತ್ತಿರ ಹೋದರೆ ಅದೇ ಕಾಯ್ದೆಯ 108ನೇ ಸೆಕ್ಷನ್ ತೋರಿಸಿದರು. ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಬಂದ ಮೇಲೂ ಲೆಸ್ಸರ್ ಮಾಡಿಸದಿದ್ದರೆ, ಲೆಸ್ಸೀ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ನಾನೇ ಮಾಡಿಸಿದ್ದರೆ ಊರಿನ ಬಡಗಿ ಸಾಕಿತ್ತು, ಮರ ಕೊಟ್ಟಿಗೆಯಲ್ಲೇ ಬಿದ್ದಿತ್ತು.

ಹಾಗಾಗಿ ಈ ಪದಗಳನ್ನು ಬಾಯಿಪಾಠ ಮಾಡುವುದೇ ಬೇಡ. ಕರಾರಿನಿಂದಲೇ ತೆಗೆಸಿ. ಪ್ರತಿ ಷರತ್ತಿನಲ್ಲೂ ಇಬ್ಬರ ಹೆಸರು ಹಾಕಿಸಿ, ಇಲ್ಲವೇ ‘ಮನೆ ಮಾಲೀಕರು’, ‘ಗುತ್ತಿಗೆದಾರರು’ ಅಂತ ಬರೆಸಿ. ಕರಾರು ಕನ್ನಡದಲ್ಲಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತದೆ. ಲೀಸು ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದನ್ನೂ ಬಿಡಬೇಡಿ. ಮೆಣಸಿನ ಬಳ್ಳಿ, ಕಾಫಿ ಫಸಲು ಗುತ್ತಿಗೆಗೆ ಕೊಡುವವರಿಗೂ ನಾನು ಹೆಸರು ಹಾಕಿಸಿ ಅಂತಲೇ ಹೇಳುತ್ತೇನೆ. ಬ್ರೋಕರ್ “ಫಾರ್ಮ್ಯಾಟ್ ಇರೋದೇ ಹೀಗೆ” ಅಂದರೆ ಪತ್ರ ವಾಪಸ್ ಕೊಡಿ, ಸಹಿ ಮಾತ್ರ ಹಾಕಬೇಡಿ.